ಸಹಿ ಬೇಕು, ಸಲಹೆ ಬೇಡವೇ?

ಸಂಘ–ಸಂಸ್ಥೆಗಳ ಕಾರ್ಯದರ್ಶಿಗಳು ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಬೇಗನೆ ಕೋರಂಗೆ ಬಂದು ನಿಲ್ಲುತ್ತದೆ. "ಸಮಿತಿಯಲ್ಲಿ ಹದಿಮೂರು ಜನ ಇದ್ದಾರೆ, ಐದು ಜನ ಬಂದರೆ ನಮ್ಮ ಪುಣ್ಯ. ಉಳಿದವರ ಮನೆಗೆ ನಡವಳಿ ಪುಸ್ತಕ ಕಳಿಸಿ ಸಹಿ ತರಿಸಿಕೊಳ್ಳಬೇಕು" ಎಂದು ಒಬ್ಬರು ಶುರು ಮಾಡಿದರೆ ಉಳಿದವರೂ ತಮ್ಮ ತಮ್ಮ ಕಥೆ ಬಿಚ್ಚುತ್ತಾರೆ. ಗ್ರಂಥಾಲಯ ನಡೆಸುವವರು, ವೃದ್ಧಾಶ್ರಮದವರು, ವಿಶೇಷ ಮಕ್ಕಳ ಶಾಲೆಯವರು, ಯಕ್ಷಗಾನ ಕೇಂದ್ರದವರು, ಎಲ್ಲರದ್ದೂ ಒಂದೇ ದೂರು: ಸಮಿತಿಯವರಿಗೆ ಆಸಕ್ತಿ ಇಲ್ಲ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಆಸಕ್ತಿಯೇ ಇಲ್ಲದವರು ಸಂಬಳವಿಲ್ಲದ ಈ ಕೆಲಸಕ್ಕೆ ಹೂಂ ಅನ್ನುತ್ತಲೇ ಇರಲಿಲ್ಲ. ಬರುವಾಗ ಇದ್ದ ಉತ್ಸಾಹ ಬಂದ ಮೇಲೆ ಇಳಿದಿದೆ. ಅದು ಇಳಿಯುವ ಹಾಗೆಯೇ ನಮ್ಮ ಸಭೆಗಳು ನಡೆಯುತ್ತಿವೆ.

ಯಾವುದಾದರೂ ಸಂಘದ ಕಾರ್ಯಸೂಚಿ ತೆಗೆದು ನೋಡಿ. ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು. ಜಮಾ–ಖರ್ಚಿಗೆ ಒಪ್ಪಿಗೆ ಪಡೆಯುವುದು. ಬಂದ ಪತ್ರಗಳನ್ನು ಗಮನಿಸುವುದು. ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು. ಖರ್ಚು ಆಗಿಹೋಗಿರುತ್ತದೆ, ಪತ್ರಕ್ಕೆ ಉತ್ತರ ಹೋಗಿರುತ್ತದೆ, ವಾರ್ಷಿಕೋತ್ಸವದ ಅತಿಥಿ ಯಾರೆಂದು ಅಧ್ಯಕ್ಷರೂ ಕಾರ್ಯದರ್ಶಿಯೂ ಫೋನಿನಲ್ಲೇ ತೀರ್ಮಾನಿಸಿರುತ್ತಾರೆ. ಬಂದ ಸದಸ್ಯರಿಗೆ ಉಳಿಯುವುದು ಹಾಜರಿ ಪುಸ್ತಕದಲ್ಲಿ ಸಹಿ, ಒಂದು ಪ್ಲೇಟು ಉಪ್ಪಿಟ್ಟು, ಕಾಫಿ. ಮಾಡಲು ಕೆಲಸ ಬೇಕಾದಷ್ಟಿರುವ ಮನುಷ್ಯ ಇಂಥ ಸಭೆಗೆ ಎರಡು ಸಲ ಬರುತ್ತಾನೆ. ಮೂರನೆಯ ಸಲ "ಊರಲ್ಲಿಲ್ಲ" ಎಂದು ಸಂದೇಶ ಕಳಿಸುತ್ತಾನೆ. ಅವನ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು.

ಸದಸ್ಯರನ್ನು ಕರೆತರುವಾಗಲೇ ತಪ್ಪು ಆರಂಭವಾಗುತ್ತದೆ. "ಸರ್, ನೀವೇನೂ ಮಾಡಬೇಕಾಗಿಲ್ಲ, ನಿಮ್ಮ ಹೆಸರೊಂದು ಇರಲಿ ಸಾಕು" ಎಂದು ನಿವೃತ್ತ ಅಧಿಕಾರಿಯನ್ನೋ ಊರಿನ ಡಾಕ್ಟರನ್ನೋ ಒಪ್ಪಿಸುತ್ತೇವೆ. ಲೆಟರ್‌ಹೆಡ್ಡಿಗೆ ಗೌರವ ಬರಲಿ, ಎಲ್ಲ ಜಾತಿಯವರೂ ಇರಲಿ, ದೇಣಿಗೆ ಕೊಟ್ಟವರಿಗೆ ಬೇಸರವಾಗದಿರಲಿ ಎಂಬ ಲೆಕ್ಕಾಚಾರ ನಡೆಯುತ್ತದೆ. ಏನೂ ಮಾಡಬೇಕಾಗಿಲ್ಲ ಎಂದು ಕರೆತಂದವರು ಏನೂ ಮಾಡದಿದ್ದಾಗ ದೂರುವುದು ನ್ಯಾಯವಲ್ಲ. ಕರೆಯುವ ದಿನವೇ ಇಂಥ ಕೆಲಸಕ್ಕೆ ನೀವು ಬೇಕು, ತಿಂಗಳಿಗೆ ಇಷ್ಟು ಹೊತ್ತು ಬೇಕು, ಮೂರು ವರ್ಷದ ಅವಧಿ ಎಂದು ಬಿಚ್ಚಿ ಹೇಳಿದರೆ ಕೆಲವರು ಹಿಂದೆ ಸರಿಯಬಹುದು. ಸರಿಯಲಿ. ಒಪ್ಪಿದವರು ಯಾವುದಕ್ಕೆ ಒಪ್ಪಿದ್ದೇವೆಂದು ತಿಳಿದು ಬರುತ್ತಾರೆ.

ಇನ್ನೊಂದು ಸಂಗತಿಯನ್ನು ಬಹಳ ಸಂಸ್ಥೆಗಳು ಸದಸ್ಯರಿಗೆ ಹೇಳುವುದೇ ಇಲ್ಲ. ಆ ಸಹಿಗೆ ಕಾನೂನಿನ ಭಾರವಿದೆ. ನಮ್ಮಲ್ಲಿ ಹೆಚ್ಚಿನ ಸಂಘಗಳು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಣಿಯಾದವು. ಏಳು ಜನ ಸೇರಿದರೆ ಒಂದು ಸಂಘ ಹುಟ್ಟುತ್ತದೆ. ಆಮೇಲೆ ಪ್ರತಿವರ್ಷ ಸರ್ವಸದಸ್ಯರ ಸಭೆ ಕರೆಯಬೇಕು. ಸಭೆ ಮುಗಿದ 14 ದಿನಗಳೊಳಗೆ ಆಡಳಿತ ಮಂಡಳಿಯ ಸದಸ್ಯರ ಪಟ್ಟಿ, ಆಡಿಟ್ ಆದ ಲೆಕ್ಕಪತ್ರ ನೋಂದಣಾಧಿಕಾರಿಗೆ ಸಲ್ಲಬೇಕು. ಸಂಘದ ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ಅರ್ಜಿ ಕೊಟ್ಟರೆ ವಿಚಾರಣೆ ನಡೆಯಬಹುದು. ಸಮಿತಿಯ ಅವಧಿ ಮುಗಿದೂ ಹೊಸ ಸಮಿತಿ ರಚನೆಯಾಗದಿದ್ದರೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಬಹುದು. ಕಂಪನಿ ಕಾಯ್ದೆಯ ಸೆಕ್ಷನ್ 8ರ ಕೆಳಗೆ ಬರುವ ಲಾಭರಹಿತ ಸಂಸ್ಥೆಗಳ ಮಂಡಳಿ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಹನ್ನೆರಡು ತಿಂಗಳಲ್ಲಿ ನಡೆದ ಒಂದು ಸಭೆಗೂ ಬಾರದ ನಿರ್ದೇಶಕರ ಸ್ಥಾನ, ಅವರು ರಜೆ ಕೇಳಿದ್ದರೂ ಸರಿ ಕೇಳದಿದ್ದರೂ ಸರಿ, ತಾನಾಗಿ ತೆರವಾಗುತ್ತದೆ. ವಿದೇಶದ ದೇಣಿಗೆ ಪಡೆಯುವ ಸಂಸ್ಥೆಗಳ ಪದಾಧಿಕಾರಿಗಳಂತೂ ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಆಧಾರ್ ವಿವರವನ್ನೂ ಕೊಡಬೇಕಾಗಿದೆ. ಅಂಥ ಸಂಸ್ಥೆ ಆ ಹಣದಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ.

ಇದನ್ನು ಹೇಳಿದರೆ ಸದಸ್ಯರು ಹೆದರಿ ಓಡಿಹೋಗುತ್ತಾರೆಂದು ಕಾರ್ಯದರ್ಶಿಗಳು ಅಳುಕುತ್ತಾರೆ. ನಾನು ಕಂಡದ್ದು ಬೇರೆ. ಹೊಸ ಸಮಿತಿಯ ಮೊದಲ ಸಭೆಯಲ್ಲೇ ಬೈಲಾದ ಪ್ರತಿ, ಹಿಂದಿನ ಮೂರು ವರ್ಷದ ಆಡಿಟ್ ವರದಿ, ಯಾವ ಯಾವ ನಮೂನೆ ಯಾವಾಗ ಸಲ್ಲಿಸಬೇಕು ಎಂಬ ಒಂದು ಹಾಳೆ ಕೈಗಿಟ್ಟರೆ ಜನ ನೆಟ್ಟಗೆ ಕೂರುತ್ತಾರೆ. ನಮ್ಮನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದಾರೆ ಅನ್ನಿಸುತ್ತದೆ. ಪ್ರಶ್ನೆಗಳೂ ಅಂದಿನಿಂದಲೇ ಶುರುವಾಗುತ್ತವೆ.

ಇಲ್ಲಿ ಹಳೆಯ ಒಂದು ಪ್ರಯೋಗವನ್ನು ನೆನೆಯಬೇಕು. 1884ರಲ್ಲಿ ಪುಣೆಯಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿ ಹುಟ್ಟಿದಾಗ ಅದನ್ನು ನಡೆಸುವವರೇ ಅದರಲ್ಲಿ ಪಾಠ ಹೇಳಬೇಕು ಎಂಬ ಕಟ್ಟಳೆ ಮಾಡಿಕೊಂಡರು. ಅವರಿಗೆ ಆಜೀವ ಸದಸ್ಯರೆಂದು ಹೆಸರು. ಗೋಪಾಲಕೃಷ್ಣ ಗೋಖಲೆ ಇಪ್ಪತ್ತು ವರ್ಷದ ಸೇವೆಗೆ ಮಾತುಕೊಟ್ಟು ತಿಂಗಳಿಗೆ 75 ರೂಪಾಯಿ ಸಂಬಳದಲ್ಲಿ ಫರ್ಗ್ಯೂಸನ್ ಕಾಲೇಜಿನಲ್ಲಿ ದುಡಿದರು. ಮುಂಬೈ ಪ್ರಾಂತದಲ್ಲಿದ್ದ ನಮ್ಮ ಬೆಳಗಾವಿಗೆ ಈ ಮಾದರಿ ದೂರದ್ದೇನಾಗಿರಲಿಲ್ಲ. 1916ರ ನವೆಂಬರ್ 13ರಂದು ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಮುಂತಾದ ಏಳು ಜನ ಸೇರಿ ಕೆಎಲ್‌ಇ ಸೊಸೈಟಿಯನ್ನು ಒಂದು ಶಾಲೆಯಿಂದ ಆರಂಭಿಸಿದರು. ಉತ್ತರ ಕರ್ನಾಟಕದವರು ಇಂದಿಗೂ ಅವರನ್ನು ಸಪ್ತರ್ಷಿಗಳೆಂದೇ ಕರೆಯುತ್ತಾರೆ. ಅವರು ಸಭೆಗೆ ಬಂದು ಹೋಗುವವರಾಗಿರಲಿಲ್ಲ. ಸಂಸ್ಥೆಯೇ ಅವರ ಜೀವನವಾಗಿತ್ತು.

ಆ ತ್ಯಾಗವನ್ನು ಇಂದಿನ ಸದಸ್ಯರಿಂದ ಕೇಳಲಾಗದು, ಕೇಳಬೇಕಾಗಿಯೂ ಇಲ್ಲ. ಆದರೆ ಆ ಚರಿತ್ರೆಯಲ್ಲಿ ನಾವು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಅಧ್ಯಾಯವಿದೆ. ಪುಣೆಯ ಆ ಆಜೀವ ಸದಸ್ಯರು ತಮ್ಮತಮ್ಮಲ್ಲೇ ತೀವ್ರವಾಗಿ ಜಗಳವಾಡಿದರು. ಸದಸ್ಯರು ತಮ್ಮ ಪೂರ್ತಿ ಸಮಯವನ್ನು ಸಂಸ್ಥೆಗೇ ಕೊಡಬೇಕೆ, ಹೊರಗೆ ಬೇರೆ ಕೆಲಸ ಮಾಡಬಹುದೆ, ಅದರಿಂದ ಸಂಪಾದನೆ ಮಾಡಬಹುದೆ ಎಂಬುದೇ ಜಗಳದ ಮುಖ್ಯ ವಿಷಯ. 1890ರಲ್ಲಿ ಬಾಲಗಂಗಾಧರ ತಿಲಕರು ತಾವೇ ಕಟ್ಟಿದ ಸಂಸ್ಥೆಗೆ ರಾಜೀನಾಮೆ ಕೊಟ್ಟು ಹೊರಬಂದರು. ಅಂಥ ಮಹನೀಯರ ನಡುವೆಯೂ ಯಾರು ಎಷ್ಟು ಸಮಯ ಕೊಡಬೇಕು ಎಂಬ ಪ್ರಶ್ನೆ ಸುಲಭದಲ್ಲಿ ಬಗೆಹರಿಯಲಿಲ್ಲ. ಇಂದಿನ ಸಮಿತಿಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದೇ ಇಲ್ಲ, ಒಳಗೊಳಗೇ ಅಸಮಾಧಾನ ಬೆಳೆಸಿಕೊಳ್ಳುತ್ತಾರೆ. ಕೇಳಿ ಬಗೆಹರಿಸಿಕೊಳ್ಳುವುದು ಮೇಲು. ಎಲ್ಲ ಠರಾವುಗಳೂ ಸರ್ವಾನುಮತದಿಂದ ಅಂಗೀಕಾರವಾಗುವ ಸಂಘದಲ್ಲಿ ಸದಸ್ಯರು ಯೋಚಿಸುವುದನ್ನು ಬಿಟ್ಟಿದ್ದಾರೆಂದೇ ನನಗೆ ಅನುಮಾನ ಬರುತ್ತದೆ.

ಹಾಗಾದರೆ ಸದಸ್ಯರು ಯೋಚಿಸುವುದು ಯಾವಾಗ? ನಿಜವಾದ ಪ್ರಶ್ನೆ ಎದುರಿಗೆ ಬಂದಾಗ. ನಾನಿರುವ ಸಂಘ ಹಳ್ಳಿಯ ಹೆಣ್ಣುಮಕ್ಕಳಿಗಾಗಿ ಒಂದು ಸಣ್ಣ ವಿದ್ಯಾರ್ಥಿನಿಲಯ ನಡೆಸುತ್ತದೆ. ಸಮಿತಿಗೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರನ್ನು ಸೇರಿಸಿಕೊಂಡಿದ್ದೆವು. ಬಹಳ ಕಾಲ ಅವರು ಬಂದು, ಸುಮ್ಮನೆ ಕೂತು, ಎದ್ದು ಹೋಗುತ್ತಿದ್ದರು. ಒಮ್ಮೆ ಸಭೆಯನ್ನು ಕಚೇರಿಯ ಬದಲು ಹಾಸ್ಟೆಲಿನ ಊಟದ ಹಾಲ್‌ನಲ್ಲೇ ಇಟ್ಟುಕೊಂಡೆವು. ಸಭೆಗೆ ಮೊದಲು ಅವರು ಅಡುಗೆಮನೆಗೆ ಹೋಗಿ ಅಡುಗೆಯವರ ಹತ್ತಿರ ಮಾತಾಡುತ್ತ ನಿಂತರು. ಮೂಲೆಯಲ್ಲಿದ್ದ ಅಕ್ಕಿ ಮೂಟೆ ನೋಡಿ, "ಇದನ್ನ ಎಲ್ಲಿಂದ ತರ್ತೀರಮ್ಮ?" ಎಂದು ಕೇಳಿದರು. "ಇಲ್ಲೇ ಮೂಲೆ ಅಂಗಡಿಯಿಂದ ಸರ್. ಉದ್ರಿ ಕೊಡ್ತಾರೆ. ಮಂಡಿಯವರು ಉದ್ರಿ ಕೊಡಲ್ಲ" ಎಂದರು ಆಕೆ. ಉದ್ರಿ ಯಾಕೆ, ದುಡ್ಡಿಲ್ಲವೆ? ದುಡ್ಡಿತ್ತು. ಚೆಕ್ಕಿಗೆ ಇಬ್ಬರ ಸಹಿ ಬೇಕು. ಸಹಿ ಮಾಡಬೇಕಾದ ಖಜಾಂಚಿ ಮಗನ ಮನೆಗೆಂದು ಬೆಂಗಳೂರಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಅಷ್ಟು ದಿನ ಅಂಗಡಿಯ ಉದ್ರಿ ಪುಸ್ತಕದಲ್ಲಿ ಬರೆಸಿ ತರುವುದು, ಅದಕ್ಕೆ ಕಿಲೋ ಮೇಲೆ ಒಂದಿಷ್ಟು ಹೆಚ್ಚು ತೆರುವುದು.

ಆ ದಿನದ ಸಭೆಯಲ್ಲಿ ಅವರು ಜಮಾ–ಖರ್ಚಿನ ಪಟ್ಟಿಯನ್ನು ಬದಿಗಿಟ್ಟು, ಸಹಿ ಮಾಡಲು ಮೂರನೆಯವರೊಬ್ಬರನ್ನು ಸೇರಿಸಿ, ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಸಾಕು ಎಂದು ಬ್ಯಾಂಕಿಗೆ ಠರಾವು ಕೊಡೋಣ ಎಂದರು. ಅದನ್ನು ಹೇಗೆ ಬರೆಯಬೇಕೆಂದು ಅಲ್ಲಿಯೇ ಹೇಳಿ ಬರೆಸಿದರು. ನಲವತ್ತು ವರ್ಷ ಮಾಡಿದ ಕೆಲಸ ಅದು, ಬಾಯಿಪಾಠ ಬರುತ್ತಿತ್ತು. ಆ ಮೂರನೆಯವರು ಯಾರಾಗಬೇಕೆಂದು ಯಾರೂ ಚರ್ಚೆ ಮಾಡಲಿಲ್ಲ. ಅಂದಿನಿಂದ ಅವರು ಹಾಸ್ಟೆಲಿಗೆ ಬರುವುದಕ್ಕೆ ಸಭೆಯ ನೋಟಿಸನ್ನು ಕಾಯುವುದಿಲ್ಲ. ಕಚೇರಿಯ ಮೇಜಿನ ಸುತ್ತ ಕೂತು ನಾವು ಅವರ ಮುಂದಿಟ್ಟ ಪಟ್ಟಿಗಳಲ್ಲಿ 'ದಿನಸಿ' ಎಂಬ ಒಂದು ಸಾಲಿತ್ತು, ಅದರ ಮುಂದೆ ಒಂದು ಮೊತ್ತವಿತ್ತು. ಆ ಸಾಲನ್ನು ನೋಡಿ ಅವರಾದರೂ ಏನು ಹೇಳಬೇಕಿತ್ತು?

ಈ ಕಾರಣಕ್ಕೇ ವರ್ಷಕ್ಕೆ ಎರಡು ಸಭೆಗಳನ್ನಾದರೂ ಕೆಲಸ ನಡೆಯುವ ಜಾಗದಲ್ಲೇ ಇಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಕಾರ್ಯಸೂಚಿಯಲ್ಲಿ ಒಂದು ವಿಷಯವನ್ನಾದರೂ ಪ್ರಶ್ನೆಯಾಗಿ ಬರೆಯಬೇಕು. 'ಹಾಸ್ಟೆಲ್ ಪ್ರವೇಶ' ಎಂದು ಬರೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 'ಮೂವತ್ತು ಜಾಗಕ್ಕೆ ಐವತ್ತು ಅರ್ಜಿ ಬಂದರೆ ಯಾರನ್ನು ಮೊದಲು ತೆಗೆದುಕೊಳ್ಳುವುದು?' ಎಂದು ಬರೆದು ಒಂದು ವಾರ ಮೊದಲು ಕಳಿಸಿದರೆ ಮನೆಯಲ್ಲೂ ಆ ಬಗ್ಗೆ ಮಾತಾಡಿಕೊಂಡು ಬರುತ್ತಾರೆ. ಎಂದೂ ಬಾಯಿಬಿಡದ ಸದಸ್ಯರನ್ನು ಅಧ್ಯಕ್ಷರು ಹೆಸರು ಹಿಡಿದು, ಅವರಿಗೆ ಗೊತ್ತಿರುವ ವಿಷಯದಲ್ಲೇ ಕೇಳಬೇಕು. ಕೆಟ್ಟ ಸುದ್ದಿಯನ್ನೂ ಮುಂದಿಡಬೇಕು. ಇಬ್ಬರು ಹುಡುಗಿಯರು ಅರ್ಧಕ್ಕೇ ಬಿಟ್ಟು ಹೋದರು, ವಾರ್ಡನ್ ಕೆಲಸ ಬಿಡುತ್ತೇನೆ ಎನ್ನುತ್ತಿದ್ದಾರೆ, ಮಾರ್ಚಿನ ಸಂಬಳಕ್ಕೆ ಹಣ ಸಾಲದು ಎಂಬುದು ಸಮಿತಿಗೆ ಗೊತ್ತಾಗದಂತೆ ನಿಭಾಯಿಸುವುದೇ ಜಾಣತನ ಎಂದುಕೊಂಡ ಕಾರ್ಯದರ್ಶಿಗಳಿದ್ದಾರೆ. ಎಲ್ಲ ಚೆನ್ನಾಗಿದೆ ಎಂದು ವರದಿ ಕೇಳಿ ಮನೆಗೆ ಹೋದವರಿಗೆ ಮತ್ತೆ ಬರಲು ಕಾರಣವೇ ಇರುವುದಿಲ್ಲ.

ವಾಟ್ಸ್‌ಆ್ಯಪ್ ಗುಂಪು ಬಂದ ಮೇಲೆ ಸಭೆಗಳ ಸ್ಥಿತಿ ಇನ್ನಷ್ಟು ಕೆಟ್ಟಿದೆ. ಕಾರ್ಯದರ್ಶಿ ಒಂದು ಪ್ರಸ್ತಾಪ ಹಾಕುತ್ತಾರೆ, ಆರು ಜನ ಹೆಬ್ಬೆರಳು ತೋರಿಸುತ್ತಾರೆ, ನಿರ್ಣಯವಾಯಿತು ಎಂದು ಬರೆದುಕೊಳ್ಳುತ್ತಾರೆ. ಸಂದೇಶ ಮುಟ್ಟಿಸಲು ಅದು ಒಳ್ಳೆಯ ಸಾಧನ, ತೀರ್ಮಾನಕ್ಕೆ ಅಲ್ಲ. ಸಭೆಗೆ ಬರಬೇಕೆಂದು ಗುಂಪಿನಲ್ಲಿ ಹತ್ತು ಸಲ ಹಾಕುವುದಕ್ಕಿಂತ ಅಧ್ಯಕ್ಷರೇ ಒಂದು ಫೋನ್ ಮಾಡಿ, "ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು, ಬನ್ನಿ" ಎಂದರೆ ಕೆಲಸ ಆಗುತ್ತದೆ.

ಸಮಯದ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಬಡವರು ಸದಸ್ಯರಾಗಿರುವ ಸಮಿತಿಗಳಲ್ಲಿ. ನಮ್ಮ ಸರ್ಕಾರಿ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನೇ (ಎಸ್‌ಡಿಎಂಸಿ) ನೋಡಿ. ಅವು ನೋಂದಾಯಿತ ಸಂಘಗಳಲ್ಲ. ಆದರೂ ಸಂಬಳವಿಲ್ಲದ ಸಾರ್ವಜನಿಕ ಮಂಡಳಿ ಎಂಬುದನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ನಾವು ಬೇರೆಲ್ಲೂ ಕಾಣುವುದಿಲ್ಲ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ರಾಜ್ಯದಲ್ಲಿ ಇವು ಶುರುವಾದವು. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ–ತಾಯಂದಿರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಅವರೇ ತಯಾರಿಸಬೇಕು ಎಂದಿತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಸಭೆಯನ್ನು ಮಾತ್ರ ಬೆಳಿಗ್ಗೆ ಹನ್ನೊಂದಕ್ಕೆ ಕರೆಯುತ್ತಾರೆ. ಕೂಲಿಗೆ ಹೋಗುವ ತಾಯಿ ಆ ಸಭೆಗೆ ಬಂದರೆ ಅವತ್ತಿನ ಕೂಲಿ ಹೋಯಿತು. ಬಾರದಿದ್ದರೆ "ಪೋಷಕರಿಗೆ ಕಾಳಜಿ ಇಲ್ಲ" ಎಂಬ ಮಾತು. ಬಂದಾಗಲೂ "ಇಲ್ಲೊಂದು ಸಹಿ ಹಾಕಮ್ಮ" ಎಂದು ಪುಸ್ತಕ ಚಾಚುತ್ತಾರೆ. ಅದರಲ್ಲಿ ಏನು ಬರೆದಿದೆ ಎಂದು ಓದಿ ಹೇಳುವವರಿಲ್ಲ.

ಅದೇ ತಾಯಂದಿರಿಗೆ ಬಿಸಿಯೂಟದ ರುಚಿ ನೋಡುವ, ಅಕ್ಕಿ–ಬೇಳೆಯ ದಾಸ್ತಾನು ಎಣಿಸುವ ಸರದಿ ಹಂಚಿಕೊಟ್ಟ ಶಾಲೆಗಳನ್ನು ನಾನು ನೋಡಿದ್ದೇನೆ. ಬೇಳೆ ಬೆಂದಿಲ್ಲವೆಂದು ಹೇಳಲು ಅವರಿಗೆ ಯಾರ ತರಬೇತಿಯೂ ಬೇಕಾಗಿಲ್ಲ. ಅಲ್ಲಿ ಸಭೆ ಸಂಜೆ ಐದೂವರೆಯ ಮೇಲೆ ನಡೆಯುತ್ತದೆ. ಮುಖ್ಯೋಪಾಧ್ಯಾಯರು ಮನೆಗೆ ತಡವಾಗಿ ಹೋಗಬೇಕಾಗುತ್ತದೆ, ನಿಜ. ಆದರೆ ಶೌಚಾಲಯಕ್ಕೆ ನೀರಿಲ್ಲ ಎಂದು ಆ ಹೆಂಗಸರು ಒಟ್ಟಾಗಿ ಗ್ರಾಮ ಪಂಚಾಯಿತಿಗೆ ಹೋಗಿ ಕೂತರೆ ಮುಖ್ಯೋಪಾಧ್ಯಾಯರ ಪತ್ರಗಳಿಂದ ಆಗದ ಕೆಲಸ ಆಗುತ್ತದೆ.

ಹಣ ಎತ್ತುವ ಮಾತಿಗೆ ಬಂದರೆ ಸಮಿತಿಯವರಲ್ಲಿ ಅರ್ಧ ಜನ ಮುಖ ತಿರುಗಿಸುತ್ತಾರೆ. ಅಮೆರಿಕದ ಅನೇಕ ಸಂಸ್ಥೆಗಳಲ್ಲಿ ಮಂಡಳಿಯ ಸದಸ್ಯರು ತಾವು ಇಂತಿಷ್ಟು ಕೊಡಬೇಕು, ಇಲ್ಲವೇ ಬೇರೆಯವರಿಂದ ತರಬೇಕು ಎಂಬ ರೂಢಿಯಿದೆ. ಅದನ್ನು ಇಲ್ಲಿಗೆ ಹಾಗೇ ತಂದರೆ ದುಡ್ಡಿದ್ದವರು ಮಾತ್ರ ಸಮಿತಿಯಲ್ಲಿ ಉಳಿಯುತ್ತಾರೆ. ಕೈಯೊಡ್ಡಲು ಸಂಕೋಚಪಡುವ ಸದಸ್ಯರಿಗೆ ಕೊಡಬಹುದಾದ ಬೇರೆ ಕೆಲಸಗಳಿವೆ. ಹೋದ ವರ್ಷ ದೇಣಿಗೆ ಕೊಟ್ಟವರಿಗೆ ಫೋನ್ ಮಾಡಿ ಆ ಹಣ ಏನಾಯಿತು ಎಂದು ತಿಳಿಸುವುದು, ತೆರಿಗೆ ವಿನಾಯಿತಿಯ ರಸೀದಿ ತಲುಪಿತೇ ಎಂದು ವಿಚಾರಿಸುವುದು, ತಮಗೆ ಪರಿಚಯವಿರುವ ಒಬ್ಬರನ್ನು ಸಂಸ್ಥೆ ನೋಡಲು ಕರೆತರುವುದು. ಕೇಳುವ ಕೆಲಸವನ್ನು ಕೇಳಬಲ್ಲವರು ಮಾಡಲಿ.

ಇನ್ನು ಸ್ಥಾಪಕರ ವಿಷಯ. ಇದನ್ನು ಬರೆಯುವುದು ಕಷ್ಟ, ಏಕೆಂದರೆ ಸಂಸ್ಥೆ ಇರುವುದೇ ಅವರಿಂದ. ಸ್ವಂತ ಮನೆ ಅಡವಿಟ್ಟು ಶಾಲೆ ಕಟ್ಟಿದವರಿದ್ದಾರೆ. ಅಂಥವರ ಎದುರು "ಇದು ಸರಿಯಿಲ್ಲ" ಎನ್ನಲು ಸದಸ್ಯರಿಗೆ ನಾಲಿಗೆ ಏಳುವುದಿಲ್ಲ. ಆಲದ ಮರದ ಕೆಳಗೆ ಬೇರೆ ಗಿಡ ಏಳದ ಹಾಗೆ ಸಮಿತಿ ಅವರ ನೆರಳಿನಲ್ಲಿ ಸೊರಗುತ್ತದೆ. ಅವರ ಕಾಲ ಮುಗಿದಾಗ ಬ್ಯಾಂಕಿನ ಖಾತೆಗಳು ಎಷ್ಟಿವೆ, ಜಮೀನಿನ ಪಹಣಿ ಯಾರ ಹೆಸರಲ್ಲಿದೆ ಎಂಬುದು ಕೂಡ ಉಳಿದವರಿಗೆ ತಿಳಿದಿರುವುದಿಲ್ಲ. ಸ್ಥಾಪಕರು ಗಟ್ಟಿಯಾಗಿರುವಾಗಲೇ ಆಗಾಗ ಒಂದು ಸಭೆಯನ್ನು ಬೇರೆಯವರ ಅಧ್ಯಕ್ಷತೆಯಲ್ಲಿ ನಡೆಸಿ, ತಾವು ಕೊನೆಯಲ್ಲಿ ಮಾತಾಡುವ ಅಭ್ಯಾಸ ಮಾಡಿಕೊಳ್ಳಬೇಕು. ಮೊದಲೇ ಅವರು ಅಭಿಪ್ರಾಯ ಹೇಳಿಬಿಟ್ಟರೆ ಚರ್ಚೆ ಅಲ್ಲಿಗೆ ಮುಗಿಯುತ್ತದೆ.

ಕೆಲವರು ಏನು ಮಾಡಿದರೂ ಬರುವುದಿಲ್ಲ. ಆರೋಗ್ಯ, ಸಂಸಾರ, ಊರು ಬದಲಾವಣೆ, ಕಾರಣ ಯಾವುದೂ ಇರಬಹುದು. ಅವರನ್ನು ಅವಧಿ ಮುಗಿಯುವವರೆಗೆ ಎಳೆಯುವುದು ಅವರಿಗೂ ಹಿಂಸೆ. ಅಧ್ಯಕ್ಷರು ಮನೆಗೆ ಹೋಗಿ, ನಾಲ್ಕು ಮಾತಾಡಿ, ಅವರು ಮಾಡಿದ್ದನ್ನು ನೆನೆದು, ಸಲಹಾ ಸಮಿತಿಯಲ್ಲಿರಿ ಎಂದು ಬೀಳ್ಕೊಡಬೇಕು. ಬೈಲಾದಲ್ಲೇ ಸತತ ಎರಡು ಅವಧಿಗಿಂತ ಹೆಚ್ಚು ಒಬ್ಬರೇ ಪದಾಧಿಕಾರಿಯಾಗಿ ಇರುವಂತಿಲ್ಲ ಎಂದು ಸೇರಿಸಿಕೊಂಡರೆ ಈ ಮುಜುಗರ ಬಹುಪಾಲು ತಪ್ಪುತ್ತದೆ.

ತೆರವಾದ ಜಾಗಕ್ಕೆ ಮತ್ತೊಬ್ಬ ನಿವೃತ್ತರನ್ನೇ ಹುಡುಕುವ ಮೊದಲು ಸಂಸ್ಥೆಯ ಪ್ರಯೋಜನ ಪಡೆದವರತ್ತ ನೋಡಬೇಕೆಂಬುದು ನನ್ನ ಆಗ್ರಹ. ನಮ್ಮ ಹಾಸ್ಟೆಲಿನಲ್ಲಿದ್ದು ಓದಿ ಈಗ ನರ್ಸ್ ಆಗಿರುವ, ಗ್ರಾಮ ಆಡಳಿತ ಅಧಿಕಾರಿಗಳಾಗಿರುವ ಹುಡುಗಿಯರಿದ್ದಾರೆ. ಅವರಿಗೆ ತಿಂಗಳಿಗೊಂದು ಭಾನುವಾರ ಮಾತ್ರ ಬಿಡುವು. ಸಭೆಯನ್ನು ಆ ಭಾನುವಾರಕ್ಕೆ ಸರಿಸಿ, ಮೊದಲ ವರ್ಷ ವಿಶೇಷ ಆಹ್ವಾನಿತರಾಗಿ ಕೂರಿಸಿಕೊಂಡು, ಪ್ರವೇಶದ ಅರ್ಜಿಗಳನ್ನು ನೋಡುವ ಕೆಲಸವನ್ನು ಅವರ ಕೈಗೆ ಕೊಟ್ಟು ನೋಡಿ. ಯಾವ ಅರ್ಜಿಯ ಹಿಂದೆ ಎಂಥ ಮನೆಯಿದೆ, ಯಾವ ಹುಡುಗಿಯನ್ನು ಈ ವರ್ಷ ಬಿಟ್ಟರೆ ಮುಂದಿನ ವರ್ಷಕ್ಕೆ ಮದುವೆ ಮಾಡಿಬಿಡುತ್ತಾರೆ ಎಂದು ಅವರು ಓದಿ ಹೇಳಬಲ್ಲರು.